ಬೆಳಗಿನ ಸುದ್ದಿ, ಸಂಜೆಯ ಗಿರಾಕಿ: ಹಳೆಯ ಪುಸ್ತಕಗಳು ತೂಕಕ್ಕೆ ಹೋಗುವ ಮುನ್ನ

ಬೀದಿಬದಿ ಪುಸ್ತಕ ವ್ಯಾಪಾರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ದೊಡ್ಡ ಗಡಿಯಾರದಿಂದ ಕೂಗಳತೆ ದೂರದಲ್ಲಿ, ರಸ್ತೆಯಂಚಿಗೆ ಟಾರ್ಪಾಲು ಹಾಸಿ ಹಳೆಯ ಪುಸ್ತಕ ಮಾರತೊಡಗಿ ನನಗೆ 26 ವರ್ಷಗಳಾದವು. ಪ್ರತಿದಿನ ಗಂಟು ಬಿಚ್ಚುವ ಮೊದಲು ಮೂರು ದಿನಪತ್ರಿಕೆಗಳನ್ನು ಕೊಂಡು, ಕಾಫಿ ಕುಡಿಯುತ್ತಾ ಮೊದಲ ಪುಟದಿಂದ ನಿಧನ ವಾರ್ತೆಯವರೆಗೆ ಓದಿ ಮುಗಿಸುತ್ತೇನೆ. ಓದುವ ಆಸೆಯೂ ಉಂಟು, ವ್ಯಾಪಾರದ ಅಗತ್ಯವೂ ಉಂಟು. ಬೆಳಿಗ್ಗೆ ಅಚ್ಚಾದ ಸುದ್ದಿಯು ಸಂಜೆಯ ಹೊತ್ತಿಗೆ ಗಿರಾಕಿಯಾಗಿ ನನ್ನ ಮುಂದೆ ಬಂದು ನಿಲ್ಲುತ್ತದೆಯಾದ್ದರಿಂದ, ಅಂದು ಯಾವ ಪುಸ್ತಕ ಮುಂದಿನ ಸಾಲಿನಲ್ಲಿರಬೇಕು ಎಂಬುದು ಪತ್ರಿಕೆ ನೋಡಿದ ಮೇಲೆಯೇ ನನಗೆ ತಿಳಿಯುವುದು.

2025ರ ದಸರೆಯ ವಾರವನ್ನು ನಾನು ಮರೆಯಲಾರೆ. ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತ್ತು. ಕನ್ನಡದಿಂದ ಹೋದ ಕೃತಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಉದ್ಘಾಟನೆಯಾಗಿ ಎರಡೇ ದಿನಕ್ಕೆ, ಅಂದರೆ 24ರಂದು, ಎಸ್.ಎಲ್. ಭೈರಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡರು. ದಶಕಗಳ ಕಾಲ ಇದೇ ಊರಿನ ಕುವೆಂಪುನಗರದಲ್ಲಿ ಬಾಳಿದವರ ಅಂತ್ಯಸಂಸ್ಕಾರವೂ ದಸರೆಯ ದೀಪಗಳು ಉರಿಯುತ್ತಿದ್ದ ಇದೇ ಊರಿನಲ್ಲಿ ನಡೆಯಿತು. ಬಾನು ಅವರು ದಸರೆ ಉದ್ಘಾಟಿಸುವುದು ಸರಿಯೇ ಎಂದು ಪತ್ರಿಕೆಗಳಲ್ಲಿ ವಾರಗಟ್ಟಲೆ ವಾದ ನಡೆದಿದ್ದುದು ತಮಗೆಲ್ಲ ಗೊತ್ತಿದೆ. ಆದರೆ ಆ ವಾರ ನನ್ನ ಟಾರ್ಪಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರು ಒಬ್ಬರ ಪುಸ್ತಕವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಇನ್ನೊಬ್ಬರ ಪುಸ್ತಕವನ್ನು ಎತ್ತಿಕೊಂಡರೇ ಹೊರತು ಯಾರೂ ದನಿ ಎತ್ತಲಿಲ್ಲ. ಇಬ್ಬರ ಪುಸ್ತಕಗಳನ್ನೂ ಒಂದೇ ಚೀಲಕ್ಕೆ ಹಾಕಿಸಿಕೊಂಡು ಹೋದವರೂ ಇದ್ದರು. ಬಾನು ಅವರ ಕಥೆಗಳ ಹಳೆಯ ಮುದ್ರಣದ ಎರಡು ಪ್ರತಿಗಳು ನನ್ನಲ್ಲಿದ್ದವು. ರದ್ದಿಯ ರಾಶಿಯಿಂದ ಅವನ್ನು ನಾನು ಎತ್ತಿಕೊಂಡದ್ದು 2011ರಲ್ಲಿ. ಹದಿನಾಲ್ಕು ವರ್ಷ ಅವನ್ನು ಕೇಳಿದವರಿರಲಿಲ್ಲ; ಆ ವಾರ ಒಂದೇ ದಿನದಲ್ಲಿ ಹನ್ನೊಂದು ಮಂದಿ ಕೇಳಿದರು.

ನಾನು ಈ ಚರ್ಚೆಯನ್ನು ಆರಂಭಿಸಿದ್ದು ಇದಕ್ಕಾಗಿಯೇ. ಸುದ್ದಿ ಹುಟ್ಟಿದ ದಿನ ಪುಸ್ತಕ ಕೈಗೆ ಸಿಗಬೇಕಾದರೆ, ಅದು ಯಾರಿಗೂ ಬೇಡವಾಗಿದ್ದ ದಿನಗಳಲ್ಲಿ ಯಾರಾದರೂ ಅದನ್ನು ಎತ್ತಿಟ್ಟಿರಬೇಕು. ಹಾಗೆ ಎತ್ತಿಡುವ ಅವಕಾಶವೇ ಈಗ ಕಡಿಮೆಯಾಗುತ್ತಿದೆ. ಕೃಷ್ಣಮೂರ್ತಿಪುರಂ, ಚಾಮರಾಜಪುರಂ, ಜಯಲಕ್ಷ್ಮೀಪುರಂ ಕಡೆಗಳಲ್ಲಿ ಓದುವ ಹಿರಿಯರಿದ್ದ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಹಿರಿಯರು ತೀರಿಕೊಂಡ ಮೇಲೆ, ಬೇರೆ ಊರುಗಳಲ್ಲಿರುವ ಮಕ್ಕಳು ಹತ್ತೇ ದಿನದ ರಜೆಯಲ್ಲಿ ಬಂದು ತಿಥಿಯನ್ನೂ ಮುಗಿಸಿ ಮನೆಯನ್ನೂ ತೆರವು ಮಾಡಬೇಕಾಗುತ್ತದೆ. ತಕ್ಕಡಿ ಹಿಡಿದು ಬರುವವನು ಕಿಲೋಗೆ 10–15 ರೂಪಾಯಿ ಎಣಿಸಿ ಅಂದೇ ಸಾಗಿಸುತ್ತಾನೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಲಾರಿ ಕಾಗದದ ಕಾರ್ಖಾನೆಯ ದಾರಿ ಹಿಡಿದಿರುತ್ತದೆ. ಮಕ್ಕಳನ್ನು ನಾನು ದೂರುತ್ತಿಲ್ಲ. ದುಃಖದಲ್ಲಿರುವವರಿಗೆ ಎರಡು ಸಾವಿರ ಪುಸ್ತಕಗಳನ್ನು ನೋಡುವ ಶಕ್ತಿ ಎಲ್ಲಿಂದ ಬರಬೇಕು?

ಒಂದು ಕಾಲಕ್ಕೆ ಇಂಥ ಪುಸ್ತಕಗಳಿಗೆ ಲ್ಯಾನ್ಸ್‌ಡೌನ್ ಕಟ್ಟಡವಿತ್ತು. 1892ರಲ್ಲಿ ಕಟ್ಟಿದ ಆ ಸಾಲಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದವು; ಜೂನ್ ತಿಂಗಳಲ್ಲಿ ಪಠ್ಯಪುಸ್ತಕ ಬದಲಾಯಿಸಿಕೊಳ್ಳಲು ಮಕ್ಕಳು ಅಪ್ಪಂದಿರ ಕೈಹಿಡಿದು ಅಲ್ಲಿಗೇ ಬರುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ತೆರವಾದವು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯೂ ಕುಸಿಯಿತು. ಕಟ್ಟಡಗಳನ್ನು ಉಳಿಸಬೇಕೇ, ಕೆಡವಿ ಕಟ್ಟಬೇಕೇ ಎಂಬ ವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆ ವಾದದಲ್ಲಿ ಗೋಡೆ, ಕಮಾನು, ಗಾರೆಗಳ ಮಾತು ಬೇಕಾದಷ್ಟು ಬಂದರೂ ಅಲ್ಲಿಂದ ಎದ್ದುಹೋದ ಪುಸ್ತಕಗಳ ಮಾತನ್ನು ನಾನು ಹೆಚ್ಚಾಗಿ ಕೇಳಲಿಲ್ಲ. ತಮ್ಮ ತಮ್ಮ ಮನೆಗಳ ಪುಸ್ತಕಗಳು ಏನಾದವು, ಏನಾಗಬೇಕೆಂದು ತಾವು ಬಯಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ನಿವೃತ್ತ ಗ್ರಂಥಪಾಲಕಿ, ಸರಸ್ವತಿಪುರಂ

ತಮ್ಮ ಬರಹವನ್ನು ಎರಡು ಸಲ ಓದಿದೆ. ಇಂಥ ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕೊಟ್ಟುಬಿಡಿ ಎಂದು ಯಾರಾದರೂ ಹೇಳುವ ಮೊದಲು, ಮೂವತ್ತು ವರ್ಷ ಆ ಕೆಲಸ ಮಾಡಿದವಳಾಗಿ ನಾನೇ ಉತ್ತರ ಹೇಳುತ್ತೇನೆ. ಗ್ರಂಥಾಲಯ ಎಲ್ಲವನ್ನೂ ತೆಗೆದುಕೊಳ್ಳಲಾರದು. ಮನೆಯಿಂದ ಬಂದ ನೂರು ಪುಸ್ತಕಗಳಲ್ಲಿ ಎಂಬತ್ತು ನಮ್ಮ ಕಪಾಟಿನಲ್ಲಿ ಆಗಲೇ ಇರುತ್ತವೆ. ಉಳಿದ ಇಪ್ಪತ್ತನ್ನು ದಾಖಲಿಸಿ, ವರ್ಗೀಕರಿಸಿ, ಬೆನ್ನಿಗೆ ಸಂಖ್ಯೆ ಅಂಟಿಸಲು ಜನರಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವೆಲ್ಲರೂ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿಯಲ್ಲಿ ಆ ಸಾಲನ್ನು ನೋಡಿದವರೇ ಕಡಿಮೆ. ಆ ಹಣ ಎಲ್ಲಿಗೆ ತಲುಪಿತು, ನಮ್ಮ ಬಡಾವಣೆಯ ಶಾಖೆಗೆ ಎಷ್ಟು ಬಂತು ಎಂದು ವಾರ್ಡಿನ ಜನ ಒಟ್ಟಾಗಿ ಕೇಳಿದರೆ, ದಾನದ ಪುಸ್ತಕಗಳನ್ನು ಪರಿಶೀಲಿಸಲು ಒಬ್ಬರನ್ನು ನೇಮಿಸುವಷ್ಟಾದರೂ ಬದಲಾವಣೆ ಬಂದೀತು.

ಇನ್ನೊಂದು ಮಾತು. ಇದೇ ಊರಿನ ಓರಿಯೆಂಟಲ್ ಲೈಬ್ರರಿಗೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟನ್ನು ತಂದು ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದನ್ನು ಅಚ್ಚು ಹಾಕಿಸಿದವರೂ ಅವರೇ. ಇದನ್ನು ಹೇಳುವಾಗ ನಾವು ಶಾಸ್ತ್ರಿಗಳನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ತನಗೆ ಉಪಯೋಗವಿಲ್ಲದ ಆ ಕಟ್ಟನ್ನು ಒಲೆಗೆ ಹಾಕದೆ, ಹೊಳೆಗೆ ಬಿಡದೆ ಹೊತ್ತು ತಂದವರನ್ನೂ ನಾನು ಅಷ್ಟೇ ನೆನೆಯುತ್ತೇನೆ. ನಮ್ಮ ಕಾಲದಲ್ಲಿ ಆ ಕೆಲಸ ತಮ್ಮಂಥವರ ಪಾಲಿಗೆ ಬಂದಿದೆ.

2021ರ ಏಪ್ರಿಲ್‌ನಲ್ಲಿ ರಾಜೀವನಗರದಲ್ಲಿ ದಿನಗೂಲಿ ಕಾರ್ಮಿಕರೊಬ್ಬರು ಕಟ್ಟಿ ಬೆಳೆಸಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 11,000 ಪುಸ್ತಕಗಳು ಸುಟ್ಟಾಗ, ನಾನೂ ಎರಡು ಪೆಟ್ಟಿಗೆ ಕಳಿಸಿದ್ದೆ. ಸುಟ್ಟ ಸುದ್ದಿ ಎಲ್ಲರನ್ನೂ ಎಬ್ಬಿಸಿತು. ವರ್ಷಕ್ಕೆ ಅದರ ಎಷ್ಟೋ ಪಟ್ಟು ಪುಸ್ತಕ ತಕ್ಕಡಿಯ ಮೇಲೆ ಹೋಗುವುದು ಸುದ್ದಿಯಾಗುವುದಿಲ್ಲ.

ಓದುಗರು, ಅಗ್ರಹಾರ

ಪುಸ್ತಕದ ಬಗ್ಗೆ ನನಗೂ ಪ್ರೀತಿಯಿದೆ. ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ನನ್ನ ತಾಯಿಗೆ 78 ವರ್ಷ. ಮಾರುಕಟ್ಟೆಯ ಕಡೆ ಪಾದಚಾರಿ ಮಾರ್ಗದಲ್ಲಿ ಒಂದು ಕಡೆ ಬಟ್ಟೆ, ಒಂದು ಕಡೆ ಪ್ಲಾಸ್ಟಿಕ್ ಸಾಮಾನು, ಒಂದು ಕಡೆ ಪುಸ್ತಕ ಹರಡಿದ್ದರಿಂದ ಅವರು ರಸ್ತೆಗೆ ಇಳಿದು ನಡೆಯಬೇಕಾಯಿತು. ಸ್ಕೂಟರ್ ತಾಗಿ ಬಿದ್ದು ಮಣಿಕಟ್ಟು ಮುರಿಯಿತು. ಮಾರುವ ವಸ್ತು ಪುಸ್ತಕವಾದ ಮಾತ್ರಕ್ಕೆ ನಡೆಯುವವರ ಹಕ್ಕು ಕಡಿಮೆಯಾಗಬೇಕೇ?

ಬೀದಿಬದಿ ಪುಸ್ತಕ ವ್ಯಾಪಾರಿ, ಮೈಸೂರು

ತಮ್ಮ ತಾಯಿಯವರಿಗಾದ ನೋವಿಗೆ ನನಗೆ ನಿಜವಾಗಿಯೂ ಬೇಸರವಾಗಿದೆ. ಕಡಿಮೆಯಾಗಬೇಕಿಲ್ಲ, ತಾವು ಕೇಳಿದ್ದು ಸರಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ನಮಗೆ ಹಕ್ಕು ಕೊಟ್ಟಿದೆ, ಜೊತೆಗೆ ಮಿತಿಯನ್ನೂ ಹೇಳಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಬೇಕು, ಎಲ್ಲಿ ಮಾರಬಹುದು ಎಲ್ಲಿ ಮಾರಬಾರದು ಎಂಬುದನ್ನು ಗೊತ್ತುಪಡಿಸಬೇಕು, ಎಬ್ಬಿಸುವುದಾದರೆ 30 ದಿನಗಳ ನೋಟಿಸ್ ಕೊಡಬೇಕು ಎಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಇದು ಕಾಗದದಲ್ಲಿರುವಂತೆ ನಡೆದರೆ ತಮ್ಮ ತಾಯಿಯವರೂ ನೆಮ್ಮದಿಯಾಗಿ ನಡೆಯಬಹುದು, ನಾನೂ ನೆಮ್ಮದಿಯಾಗಿ ಕೂರಬಹುದು. ಪೊಲೀಸ್ ವಾಹನ ಬಂತೆಂದು ಎರಡು ಸಲ ಗಂಟು ಕಟ್ಟಿ ಓಡುವಾಗ ನನ್ನ ಪುಸ್ತಕಗಳ ಬೆನ್ನು ಮುರಿದಿವೆ. ಅಂಥ ಪುಸ್ತಕ ಮತ್ತೆ ಮಾರಾಟಕ್ಕೆ ಬರುವುದಿಲ್ಲ. ಮೂರು ವರ್ಷಗಳಿಂದ ನಾನು ಹಾಸನ್ನು ನಾಲ್ಕು ಅಡಿಗೆ ಇಳಿಸಿ, ಕಾಂಪೌಂಡು ಗೋಡೆಗೆ ಒತ್ತಿ ನಿಲ್ಲಿಸುವ ಮರದ ರ್‍ಯಾಕ್ ಮಾಡಿಸಿಕೊಂಡಿದ್ದೇನೆ. ಹಾಸಿದಾಗ ಬಗ್ಗಿ ನೋಡುತ್ತಿದ್ದ ಹಿರಿಯರಿಗೂ ಇದೇ ಅನುಕೂಲವಾಗಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು

ಅಣ್ಣ, ನಾನು ಚಾಮರಾಜನಗರದ ಕಡೆಯವನು, ಇಲ್ಲಿ ಹಾಸ್ಟೆಲಿನಲ್ಲಿದ್ದೇನೆ. ಹೊಸ ಪುಸ್ತಕದ ಕಾಲು ಭಾಗದ ಬೆಲೆಗೆ ತಮ್ಮಲ್ಲಿ ಭೂಗೋಳ, ಅರ್ಥಶಾಸ್ತ್ರದ ಪುಸ್ತಕಗಳನ್ನು ಕೊಂಡಿದ್ದೇನೆ. ಹಿಂದಿನವರು ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆಗಳನ್ನು ನೋಡಿಯೇ ಯಾವುದು ಮುಖ್ಯ ಎಂದು ತಿಳಿದುಕೊಂಡೆ. ಸಾಹಿತ್ಯದ ಪುಸ್ತಕಗಳನ್ನು ಉಳಿಸುವ ಮಾತಿನಲ್ಲಿ ನಮ್ಮ ಪುಸ್ತಕಗಳನ್ನು ಮರೆಯಬೇಡಿ ಎಂದಷ್ಟೇ ನನ್ನ ಕೋರಿಕೆ.

ಬೀದಿಬದಿ ಪುಸ್ತಕ ವ್ಯಾಪಾರಿ, ಮೈಸೂರು

ಮರೆಯುವುದಿಲ್ಲ ತಮ್ಮಾ. ನನ್ನ ಮನೆಯ ಅಕ್ಕಿ ಬೇಳೆ ಬರುವುದು ನಿಮ್ಮಂಥವರು ಕೊಳ್ಳುವ ಪುಸ್ತಕಗಳಿಂದಲೇ. ಆ ಸಂಪಾದನೆ ಇರುವುದರಿಂದ ಕತೆ ಕಾದಂಬರಿಗಳನ್ನು ಹದಿನಾಲ್ಕು ವರ್ಷ ಇಟ್ಟುಕೊಳ್ಳಲು ನನಗೆ ಸಾಧ್ಯವಾಗುತ್ತದೆ.

ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಹಳೆಯ ಮೈಸೂರಿನ ಪತ್ರಿಕೆಗಳ ಮೇಲೆ ಕೆಲಸ ಮಾಡುತ್ತಿರುವುದರಿಂದ ಈ ಚರ್ಚೆ ನನಗೆ ಬಹಳ ಹತ್ತಿರದ್ದು. ಎಲ್ಲವೂ ಸ್ಕ್ಯಾನ್ ಆಗಿ ಅಂತರಜಾಲದಲ್ಲಿ ಸಿಗುತ್ತಿರುವಾಗ ಕಾಗದದ ಪ್ರತಿ ಏಕೆ ಎಂದು ನನ್ನ ಸ್ನೇಹಿತರು ಕೇಳುತ್ತಾರೆ. ಸ್ಕ್ಯಾನ್ ಆದ ಪುಸ್ತಕಗಳಿಂದ ನನಗೆ ಆಗಿರುವ ಉಪಕಾರ ಸಣ್ಣದಲ್ಲ. ಸಾವಿರಾರು ಕನ್ನಡ ಪುಸ್ತಕಗಳು ಮನೆಯಲ್ಲಿ ಕುಳಿತೇ ಸಿಗುತ್ತವೆ. ಆದರೆ ಸ್ಕ್ಯಾನ್ ಮಾಡುವ ಮೊದಲು ಒಂದು ಪ್ರತಿ ಎಲ್ಲಾದರೂ ಉಳಿದಿರಬೇಕಲ್ಲ. ನಾನು ನೋಡಿದ ಎಷ್ಟೋ ಸ್ಕ್ಯಾನುಗಳಲ್ಲಿ ಹೊದಿಕೆ ಇಲ್ಲ, ಕೊನೆಯ ಜಾಹೀರಾತು ಪುಟಗಳಿಲ್ಲ, ಏಕೆಂದರೆ ಗಟ್ಟಿ ರಟ್ಟು ಕಟ್ಟಿಸುವಾಗ ಅವನ್ನು ಕಿತ್ತುಹಾಕಿರುತ್ತಾರೆ. ಅಂದಿನ ಊರು ಏನು ತಿನ್ನುತ್ತಿತ್ತು, ಯಾವ ಔಷಧ ಕುಡಿಯುತ್ತಿತ್ತು, ಒಂದು ಸೀರೆಗೆ ಎಷ್ಟು ಕೊಡುತ್ತಿತ್ತು ಎಂಬುದು ನನಗೆ ತಿಳಿಯಬೇಕಾದದ್ದು ಆ ಪುಟಗಳಿಂದಲೇ.

ಸುದ್ದಿಗೆ ಎಂಥ ಬೆಲೆಯಿತ್ತು ಎಂಬುದಕ್ಕೆ ಒಂದು ಪ್ರಸಂಗ. ಈ ಊರು ತಾತಯ್ಯ ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ವೃತ್ತಾಂತ ಚಿಂತಾಮಣಿಯನ್ನು ನಡೆಸುತ್ತಿದ್ದರು. ಪತ್ರಿಕೆಗಳನ್ನು ಅಂಕೆಯಲ್ಲಿಡಲು ಸಂಸ್ಥಾನವು 1908ರಲ್ಲಿ ಕಾಯಿದೆ ತಂದಾಗ, ಅದಕ್ಕೆ ತಲೆಬಾಗಿ ನಡೆಸುವುದಕ್ಕಿಂತ ಲೇಸೆಂದು ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಂಥ ಮನುಷ್ಯರ ಪತ್ರಿಕೆಯ ಒಂದೊಂದು ಸಂಚಿಕೆಗಾಗಿ ನಾವು ಇಂದು ಊರೂರು ಅಲೆಯುತ್ತೇವೆ. ಅಂದು ಅದನ್ನು ಓದಿದ ಮನೆಗಳು ಇದೇ ಮೈಸೂರಿನ ಕೋಟೆಯ ಸುತ್ತಮುತ್ತ ಇದ್ದವು. ಯಾರ ಅಟ್ಟದ ಮೇಲಾದರೂ ಒಂದು ಕಟ್ಟು ಇನ್ನೂ ಇರಬಹುದು ಎಂಬ ಆಸೆಯನ್ನು ನಾನು ಬಿಟ್ಟಿಲ್ಲ.

ಪ್ರೌಢಶಾಲಾ ಶಿಕ್ಷಕ, ಮಂಡ್ಯ

ಸುದ್ದಿಗೂ ಹಳೆಯ ಪುಸ್ತಕಕ್ಕೂ ಇರುವ ನಂಟು ನಮ್ಮ ಜಿಲ್ಲೆಯಲ್ಲಿ ನೀರಿನ ಜೊತೆ ಬೆಸೆದುಕೊಂಡಿದೆ. ಮಳೆಗಾಲದಲ್ಲಿ ನಮ್ಮೂರಿನ ರೈತರು ಪತ್ರಿಕೆ ಬಿಚ್ಚಿದೊಡನೆ ನೋಡುವುದು ಮೂಲೆಯಲ್ಲಿ ಅಚ್ಚಾಗುವ ಕನ್ನಂಬಾಡಿಯ ನೀರಿನ ಮಟ್ಟವನ್ನು. ಅಣೆಕಟ್ಟು ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ ಎಂಬ ಲೆಕ್ಕ ಮುಗಿದ ಮೇಲೆಯೇ ರಾಜಕೀಯ, ಸಿನಿಮಾ ಎಲ್ಲ. 1991ರ ಮಧ್ಯಂತರ ತೀರ್ಪು, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟಿನ ತೀರ್ಪು, ಹೀಗೆ ಕಾವೇರಿಯ ಸುದ್ದಿ ಬಂದಾಗಲೆಲ್ಲ ಊರಿನಲ್ಲಿ ಯಾರಾದರೊಬ್ಬರು ಮೈಸೂರು, ಮದ್ರಾಸುಗಳ ನಡುವಿನ 1892ರ, 1924ರ ಒಪ್ಪಂದಗಳಲ್ಲಿ ಏನಿದೆ ಎಂದು ನನ್ನನ್ನು ಕೇಳುತ್ತಾರೆ. ಟಿವಿಯಲ್ಲಿ ಕೂಗಾಟ ಕೇಳಿಸುತ್ತದೆ, ಷರತ್ತುಗಳು ಕೇಳಿಸುವುದಿಲ್ಲ. ಆ ಒಪ್ಪಂದಗಳನ್ನು ಕನ್ನಡದಲ್ಲಿ ವಿವರಿಸಿದ ಒಂದು ಸಣ್ಣ ಹೊತ್ತಗೆ ನನಗೆ ಸಿಕ್ಕಿದ್ದು ಮೈಸೂರಿನ ಇಂಥ ಒಂದು ಹಾಸಿನ ಮೇಲೆ. ಪಿನ್ ತುಕ್ಕು ಹಿಡಿದಿತ್ತು, ಬೆಲೆ 15 ರೂಪಾಯಿ. ಈಗ ಹತ್ತನೆಯ ತರಗತಿಗೆ ಅದನ್ನೇ ಓದಿ ಹೇಳುತ್ತೇನೆ.

ಪುಸ್ತಕ ಉಳಿಸುವ ಮಾತು ಬಂದಾಗ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರನ್ನು ನೆನೆಯದೆ ಇರಲಾರೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದವರು, ಆ ದುಡಿಮೆಯಿಂದ ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಪುಸ್ತಕ ಮನೆಯನ್ನೇ ಕಟ್ಟಿದರು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಮೊದಲು ಮೌನವಾದರು, ಆಮೇಲೆ ಹೊರಡಲು ಒಪ್ಪಲಿಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ, ಭಾಷಣದ ಪೆಂಡಾಲಿಗಿಂತ ಪುಸ್ತಕ ಮಳಿಗೆಗಳಲ್ಲಿಯೇ ನಾನು ಹೆಚ್ಚು ಹೊತ್ತು ಕಳೆದೆ. ಓದುಗರಿಲ್ಲ ಎನ್ನುವವರು ಅಂದು ಆ ನೂಕುನುಗ್ಗಲನ್ನು ನೋಡಬೇಕಿತ್ತು.

ಮೈಸೂರಿನ ಮಗಳು, ಈಗ ಬೆಂಗಳೂರಿನಲ್ಲಿ

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಲು ಧೈರ್ಯ ಬಂದಿರಲಿಲ್ಲ. ತಂದೆಯವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಚಾಮರಾಜಪುರಂನ ಮನೆಯನ್ನು ಈ ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಎರಡು ಸಾವಿರದಷ್ಟು ಪುಸ್ತಕ, ಜೊತೆಗೆ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳ ಹತ್ತಾರು ಫೈಲುಗಳಿವೆ. ರದ್ದಿಯವರು ನೋಡಿಕೊಂಡು ಹೋಗಿ, ಎಲ್ಲ ಸೇರಿ ಇಷ್ಟು ಎಂದು ಹೇಳಿದ್ದಾರೆ, ಒಪ್ಪಿಗೆ ಕೊಟ್ಟಿಲ್ಲ. ನನ್ನ ಫ್ಲ್ಯಾಟಿನಲ್ಲಿ ಹೆಚ್ಚೆಂದರೆ ಇನ್ನೂರು ಪುಸ್ತಕಕ್ಕೆ ಜಾಗವಿದೆ. ನಾನು ಓದಿದ್ದು ವಾಣಿಜ್ಯ, ಯಾವುದು ಬೆಲೆಯುಳ್ಳದ್ದು ಎಂದು ನನಗೆ ತಿಳಿಯುವುದಿಲ್ಲ. ಚೆನ್ನಾಗಿ ರಟ್ಟು ಕಟ್ಟಿಸಿದವನ್ನು ಇಟ್ಟುಕೊಂಡು ಉಳಿದದ್ದನ್ನು ಕೊಡಬಹುದೇ?

ಬೀದಿಬದಿ ಪುಸ್ತಕ ವ್ಯಾಪಾರಿ, ಮೈಸೂರು

ಅಮ್ಮಾ, ಒಪ್ಪಿಗೆ ಕೊಡದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ರಟ್ಟು ನೋಡಿ ಆರಿಸಬೇಡಿ. ಚಿನ್ನದ ಅಕ್ಷರದ ವಿಶ್ವಕೋಶದ ಸಂಪುಟಗಳನ್ನು ಇಂದು ಯಾರೂ ಕೇಳುವುದಿಲ್ಲ, ಅವು ಬೇರೆಡೆಯೂ ಸಿಗುತ್ತವೆ. ಮತ್ತೆಲ್ಲೂ ಸಿಗದಿರುವುದು ತೆಳ್ಳಗಿನವು, ಪಿನ್ನು ಹೊಡೆದವು, ಪುಸ್ತಕವೆಂದು ಕಣ್ಣಿಗೇ ಬೀಳದವು: ಶಾಲಾ ಕಾಲೇಜಿನ ವಾರ್ಷಿಕ ಸಂಚಿಕೆ, ಸಮ್ಮೇಳನದ ಸ್ಮರಣ ಸಂಚಿಕೆ, ನಾಟಕದ ಕರಪತ್ರ, ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕ, ಹಳೆಯ ಪಂಚಾಂಗ, ಸಹಕಾರ ಸಂಘದ ವರದಿ. ಅವು ಅಚ್ಚಾದದ್ದೇ ಕೆಲವು ನೂರು ಪ್ರತಿಗಳು. ಮೊದಲು ಅವನ್ನು ಒಂದು ಕಡೆ ತೆಗೆದಿಡಿ.

ಕೊಡುವಾಗ ಹೆಸರು ಬರೆದ ಮೊದಲ ಹಾಳೆಯನ್ನು ಬಹಳ ಜನ ಹರಿದುಬಿಡುತ್ತಾರೆ. ಹಿರಿಯರ ಹೆಸರು ಬೀದಿಗೆ ಬರಬಾರದೆಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಆ ಹಾಳೆಯ ಹಿಂಬದಿಯಲ್ಲೋ ಅದರ ಪಕ್ಕದಲ್ಲೋ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಅಚ್ಚುಕೂಟದ ಹೆಸರು ಇರುತ್ತವೆ. ಹರಿದರೆ ಪುಸ್ತಕ ತನ್ನ ಹುಟ್ಟಿದ ತಾರೀಖನ್ನೇ ಕಳೆದುಕೊಳ್ಳುತ್ತದೆ. ಹೆಸರು ಕಾಣಬಾರದೆಂದಿದ್ದರೆ ಅದರ ಮೇಲೆ ತೆಳುವಾದ ಬಿಳಿ ಕಾಗದದ ಚೂರನ್ನು ಮೈದಾ ಅಂಟಿನಿಂದ ಅಂಟಿಸಿದರೆ ಸಾಕು. ಹರಿದ ಕಡೆ ಸೆಲ್ಲೋಟೇಪು ಮಾತ್ರ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನು ನುಂಗುತ್ತದೆ.

ಪತ್ರಿಕೆಯ ತುಣುಕುಗಳನ್ನು ಕುರಿತು ಹೆಚ್ಚು ಹೇಳಬೇಕಿದೆ. ಪತ್ರಿಕೆಯ ಕಾಗದವು ಮರದ ತಿರುಳನ್ನು ಹಾಗೆಯೇ ಅರೆದು ಮಾಡಿದ್ದು. ಅದರೊಳಗೆ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಗಾಳಿಗೆ ಹಳದಿಯಾಗಿ, ಹಾಳೆ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಯಾಡಿಸಿ, ಮಡಿಸದೆ ಚಪ್ಪಟೆಯಾಗಿ ಇಡಿ. ತಂದೆಯವರು ತುಣುಕಿನ ಮೇಲೆ ಪತ್ರಿಕೆಯ ಹೆಸರು, ದಿನಾಂಕ ಬರೆದಿದ್ದರೆ ಆ ಫೈಲುಗಳನ್ನು ಒಡೆಯದೆ ಒಟ್ಟಿಗೇ ಇಡಬೇಕು. ಬರೆದಿಲ್ಲವಾದರೂ, ಯಾವ ಫೈಲಿನಲ್ಲಿ ಯಾವ ತುಣುಕಿನ ಪಕ್ಕ ಯಾವುದಿತ್ತು ಎಂಬುದರಿಂದ ಕಾಲವನ್ನು ಊಹಿಸಬಹುದು. ನಮ್ಮ ಸಂಶೋಧನಾ ವಿದ್ಯಾರ್ಥಿನಿಯವರು ಇವುಗಳನ್ನು ನೋಡಲು ಒಪ್ಪಿದರೆ ನನಗೆ ಬಹಳ ಸಂತೋಷ. ಗೆದ್ದಲು ಹಿಡಿದ ಪೆಟ್ಟಿಗೆ ಕಂಡರೆ ಅದನ್ನು ಉಳಿದವುಗಳಿಂದ ದೂರ ಸರಿಸಿ.

ಎಲ್ಲವೂ ಉಳಿಯುತ್ತದೆ ಎಂಬ ಭರವಸೆಯನ್ನು ನಾನು ಕೊಡುವುದಿಲ್ಲ. ಎರಡು ಸಾವಿರದಲ್ಲಿ ಅರ್ಧದಷ್ಟು, ಅಂದರೆ ಹಳೆಯ ಗೈಡುಗಳು, ಕಾಲ ಮೀರಿದ ತೆರಿಗೆಯ ಪುಸ್ತಕಗಳು, ಮುಂದೆ ತೂಕಕ್ಕೇ ಹೋಗಬಹುದು. ನಾನು ಆರಿಸಿಕೊಂಡ ಪುಸ್ತಕಗಳಿಗೆ ಒಂದೊಂದಕ್ಕೆ ಬೆಲೆ ಹೇಳಿ ಹಣ ಕೊಡುತ್ತೇನೆ. ದುಬಾರಿ ಬೆಲೆ ಬರಬಹುದಾದ ಅಪರೂಪದ್ದು ಸಿಕ್ಕರೆ ಅದನ್ನು ತಮಗೆ ತಿಳಿಸಿಯೇ ಮುಂದಿನ ಮಾತು. ಗ್ರಂಥಪಾಲಕಿ ಮೇಡಂ ಅವರು ಜೊತೆಗೆ ಬಂದರೆ ಗ್ರಂಥಾಲಯಕ್ಕೆ ಸಲ್ಲಬೇಕಾದದ್ದನ್ನು ಅಲ್ಲಿಯೇ ಬೇರೆ ಮಾಡಬಹುದು.

ನಿವೃತ್ತ ಗ್ರಂಥಪಾಲಕಿ, ಸರಸ್ವತಿಪುರಂ

ಖಂಡಿತ ಬರುತ್ತೇನೆ. ಪಟ್ಟಿ ಬರೆಯುವ ಕೆಲಸ ನನ್ನದು.

ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಫೈಲುಗಳನ್ನು ನೋಡಲು ನನಗೂ ಅವಕಾಶ ಕೊಡಿ. ಅಲ್ಲಿಯೇ ಕುಳಿತು ಚಿತ್ರ ತೆಗೆದುಕೊಳ್ಳುತ್ತೇನೆ, ಒಂದು ತುಣುಕನ್ನೂ ಹೊರಗೆ ಒಯ್ಯುವುದಿಲ್ಲ.

ಮೈಸೂರಿನ ಮಗಳು, ಈಗ ಬೆಂಗಳೂರಿನಲ್ಲಿ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಶನಿವಾರ ರಾತ್ರಿಯ ರೈಲಿಗೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆದಿರಬೇಕು? ಅಟ್ಟದ ಮೇಲೆ ಮೂರು ಟ್ರಂಕುಗಳಿವೆ, ಅವನ್ನು ಅಷ್ಟರೊಳಗೆ ಇಳಿಸಿಡಲೇ?

ಬೀದಿಬದಿ ಪುಸ್ತಕ ವ್ಯಾಪಾರಿ, ಮೈಸೂರು

ಏಳು ಗಂಟೆಗೆ ಬರುತ್ತೇವೆ. ಟ್ರಂಕುಗಳನ್ನು ತಾವು ಮುಟ್ಟಬೇಡಿ. ಹಳೆಯ ಟ್ರಂಕಿನ ತಳ ತುಕ್ಕು ಹಿಡಿದಿದ್ದರೆ ಎತ್ತುವಾಗ ಕಳಚಿ ಬೀಳುತ್ತದೆ. ಏಣಿಯನ್ನೂ ಎರಡು ಗೋಣಿಚೀಲಗಳನ್ನೂ ನಾನು ತರುತ್ತೇನೆ.